‘ತಪ್ಪಿಸಿದ’ ಮತ್ತು ‘ತಪ್ಪಿತು’

ನಾವು ಬಳಸುವ ಪದ ಬದಲಾದರೆ ನಮ್ಮ ನಡವಳಿಕೆಯೂ ನಿಜವಾಗಿ ಬದಲಾಗುತ್ತದೆಯೇ, ಇಲ್ಲವೇ ಅದು ಹಳೇ ಗೋಡೆಗೆ ಹೊಸ ಸುಣ್ಣ ಬಳಿದಂತೆಯೇ ಎಂದು ಕೇಳಿದ್ದೀರಿ. ಬದಲಾಗುತ್ತದೆ ಎಂದೇ ನನ್ನ ಉತ್ತರ. ಆದರೆ ನಾನು ಕಂಡ ಮಟ್ಟಿಗೆ ಪದದ ಪರಿಣಾಮ ಮೊದಲು ತಟ್ಟುವುದು ಅದನ್ನು ಆಡುವವನಿಗೆ. ಕೇಳಿಸಿಕೊಳ್ಳುವವರ ಸರದಿ ಆಮೇಲೆ.

ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಹತ್ತೊಂಬತ್ತು ವರ್ಷ ಕ್ಷಯರೋಗ ಚಿಕಿತ್ಸೆಯ ಮೇಲ್ವಿಚಾರಕನಾಗಿದ್ದೆ. ಊರೂರು ಸುತ್ತಿ, ಚಿಕಿತ್ಸಾ ಕಾರ್ಡು ನೋಡಿ, ರೋಗಿಗಳು ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುವ ಕೆಲಸ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಯಾರಿಗೂ ಹೆಚ್ಚು ಹೇಳಬೇಕಾಗುವುದಿಲ್ಲ, ಕೆಮ್ಮೇ ಹೇಳುತ್ತಿರುತ್ತದೆ. ಆಮೇಲೆ ಕೆಮ್ಮು ನಿಲ್ಲುತ್ತದೆ, ಹಸಿವು ಮರಳುತ್ತದೆ, ರೋಗಿ ಕೂಲಿಗೆ ಹೋಗಲಾರಂಭಿಸುತ್ತಾನೆ. ಗುಣವಾದೆ ಎಂದುಕೊಂಡ ಮನುಷ್ಯನಿಗೆ ಇನ್ನೂ ನಾಲ್ಕು ತಿಂಗಳು ಮಾತ್ರೆ ನುಂಗಬೇಕು ಎಂದು ಒಪ್ಪಿಸುವುದೇ ನಮ್ಮ ಕೆಲಸದ ತಿರುಳು. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ, ಕೆಲವರಲ್ಲಿ ಔಷಧಕ್ಕೇ ಬಗ್ಗದಂತಾಗುತ್ತದೆ.

ಸತತ ಎರಡು ತಿಂಗಳು ಮಾತ್ರೆ ನಿಂತವರ ಹೆಸರಿನ ಮುಂದೆ ನಾವು ಬರೆಯುತ್ತಿದ್ದ ಪದ ‘ಡಿಫಾಲ್ಟರ್’. ಸಾಲ ಕಟ್ಟದವರಿಗೆ ಬ್ಯಾಂಕಿನವರು ಬಳಸುವ ಪದವೇ ಅದು. ಕೆಮ್ಮು ಎಂದು ಪರೀಕ್ಷೆಗೆ ಬಂದವರನ್ನು ‘ಸಸ್ಪೆಕ್ಟ್’ ಎನ್ನುತ್ತಿದ್ದೆವು, ಅದು ಪೊಲೀಸ್ ಠಾಣೆಯ ಪದ. ಈ ಎರಡು ಪದಗಳನ್ನು ಬಾಯಲ್ಲಿಟ್ಟುಕೊಂಡು ಹೊರಟವನ ನಡೆ ಹೇಗಿರುತ್ತದೆ? ನಾನು ವಸೂಲಿಗೆ ಬಂದವನ ಹಾಗೆಯೇ ಹೋಗುತ್ತಿದ್ದೆ. ಮನೆ ಮುಂದೆ ಬೈಕು ನಿಲ್ಲಿಸಿ, ಇಳಿಯದೆಯೇ, ನನ್ನ ತಂದೆಯ ವಯಸ್ಸಿನವರನ್ನೂ ಏಕವಚನದಲ್ಲಿ ಕೂಗುತ್ತಿದ್ದೆ: “ಏನಯ್ಯಾ, ಮಾತ್ರೆ ಯಾಕೆ ಬಿಟ್ಟೆ? ಸರ್ಕಾರ ಪುಕ್ಕಟೆ ಕೊಟ್ಟರೂ ನುಂಗುವುದಕ್ಕೆ ಆಗುವುದಿಲ್ಲವೇ?” ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಮುಂದಿನ ಸಲ ನನ್ನ ಬೈಕಿನ ಸದ್ದು ಕೇಳಿದರೆ ಸಾಕು, ಆ ಮನೆಯ ಮಗು ಬಂದು “ಅಪ್ಪ ಊರಲ್ಲಿಲ್ಲ” ಎನ್ನುತ್ತಿತ್ತು. ಅಪ್ಪ ಒಳಗೇ ಇರುತ್ತಿದ್ದ. ಕಾರ್ಡಿನಲ್ಲಿ ನಾನು ‘ಅಸಹಕಾರ’ ಎಂದು ಬರೆಯುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಪದಗಳನ್ನು ಕೈಬಿಟ್ಟಿತು. ‘ಸಸ್ಪೆಕ್ಟ್’ ಹೋಗಿ ‘ಸಂಭಾವ್ಯ ಟಿಬಿ’ ಬಂತು. ‘ಡಿಫಾಲ್ಟರ್’ ಬದಲು ಬಂದದ್ದು ‘ಲಾಸ್ಟ್ ಟು ಫಾಲೋ-ಅಪ್’, ಅಂದರೆ ‘ಸಂಪರ್ಕ ತಪ್ಪಿದವರು’ ಎಂಬ ಅರ್ಥದ ಇಂಗ್ಲಿಷ್ ಪದಗುಚ್ಛ. ನಮ್ಮ ತಾಲ್ಲೂಕಿಗೆ ಅದು ತಲುಪಿದ್ದು ಕೆಲವು ವರ್ಷ ತಡವಾಗಿ, ಒಂದು ತರಬೇತಿಯಲ್ಲಿ. ಬಂದವರಲ್ಲಿ ಹೆಚ್ಚಿನವರು ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದರು, ನಾನೂ ಕೇಳಿದೆ. ಪಾಠ ಹೇಳುತ್ತಿದ್ದ ವೈದ್ಯೆ ಉತ್ತರ ಕೊಡದೆ ಹಲಗೆಯ ಮೇಲೆ ಎರಡು ಕನ್ನಡ ವಾಕ್ಯ ಬರೆದರು:

ಅವನು ಮಾತ್ರೆ ತಪ್ಪಿಸಿದ.
ಅವನಿಗೆ ಮಾತ್ರೆ ತಪ್ಪಿತು.

ಒಂದೊಂದನ್ನೂ ಓದಿ ಮುಂದಿನ ಪ್ರಶ್ನೆ ಏನು ಕೇಳುತ್ತೀರಿ ಎಂದರು. ಮೊದಲನೆಯದಕ್ಕೆ ಇಡೀ ಕೋಣೆ “ಯಾಕೆ ತಪ್ಪಿಸಿದೆ?” ಎಂದಿತು. ಎರಡನೆಯದಕ್ಕೆ ಸ್ವಲ್ಪ ತಡೆದು ಯಾರೋ “ಏನಾಯಿತು?” ಎಂದರು. ಅಷ್ಟೇ. ನಡುವೆ ಇರುವುದು ಒಂದು ‘ಇಸು’ ಪ್ರತ್ಯಯ. ಬಸ್ ತಪ್ಪಿತು ಎಂದವರನ್ನು ನಾವು “ಮುಂದಿನದು ಎಷ್ಟು ಹೊತ್ತಿಗೆ?” ಎಂದು ವಿಚಾರಿಸುತ್ತೇವೆ. ಶಾಲೆ ತಪ್ಪಿಸಿದ ಹುಡುಗನಿಗೆ ಬೆತ್ತ ತೋರಿಸುತ್ತೇವೆ. ವ್ಯಾಕರಣವನ್ನು ಶಾಲೆಯಲ್ಲಿ ಅಂಕಕ್ಕಾಗಿ ಓದಿದ್ದ ನನಗೆ, ಅದು ನನ್ನ ಕಾಲುಗಳನ್ನು ಎತ್ತ ಬೇಕಾದರೂ ನಡೆಸಬಲ್ಲದು ಎಂದು ಅವತ್ತು ಹೊಳೆಯಿತು.

ಪಟ್ಟಿಯಲ್ಲಿ ಆಗ ಒಬ್ಬ ಕುರಿಗಾಹಿ ಇದ್ದರು. ಮೂರನೇ ತಿಂಗಳಿಗೆ ಮಾತ್ರೆ ನಿಂತಿತ್ತು, ನಾನು ಎರಡು ಸಲ ಹೋಗಿ ಗದರಿಸಿ ಬಂದಿದ್ದೆ. ತರಬೇತಿಯ ಮರುವಾರ ಮತ್ತೆ ಹೋದೆ. ಬೈಕನ್ನು ಊರ ಬಾಗಿಲಲ್ಲೇ ಬಿಟ್ಟು ನಡೆದುಕೊಂಡು ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. “ಅಮ್ಮ, ಯಜಮಾನರಿಗೆ ಮಾತ್ರೆ ತಪ್ಪಿದೆಯಲ್ಲ, ಏನಾಯಿತು?” ಎಂದೆ. ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಒಂದು ಚೊಂಬು ನೀರು ತಂದಿಟ್ಟು, ಆಮೇಲೆ ಹೇಳಿದರು. ಎರಡು ಕಾರಣಗಳಿದ್ದವು. ಮಾತ್ರೆ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತಿತ್ತು, ರಕ್ತ ಹೋಗುತ್ತಿದೆ ಎಂದು ಅವರು ಹೆದರಿದ್ದರು. ರಿಫಾಂಪಿಸಿನ್ ಎಂಬ ಔಷಧ ಮೂತ್ರಕ್ಕೆ ಆ ಬಣ್ಣ ಕೊಡುತ್ತದೆ, ಅದರಿಂದ ಅಪಾಯವಿಲ್ಲ. ಒಂದು ನಿಮಿಷದಲ್ಲಿ ಹೇಳಿ ಮುಗಿಸಬಹುದಾಗಿದ್ದ ವಿಷಯ. ಎರಡು ಸಲ ಮನೆ ಬಾಗಿಲಿಗೆ ಹೋದವನು ಅದನ್ನು ಹೇಳಿರಲಿಲ್ಲ, ಏಕೆಂದರೆ ನಾನು ಕೇಳಿದ್ದ ಪ್ರಶ್ನೆಗೆ ಅದು ಉತ್ತರವಾಗಿ ಬರುವಂತೆಯೇ ಇರಲಿಲ್ಲ. ಎರಡನೇ ಕಾರಣ ಹಿಂಡು. ಮಳೆಗಾಲ ಮುಗಿಯುತ್ತಿದ್ದಂತೆ ಕುರಿ ಹೊಡೆದುಕೊಂಡು ಹೊರಟರೆ ಹೊಲದಿಂದ ಹೊಲಕ್ಕೆ, ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಬೇಕು. ಮಾತ್ರೆಯ ಪೆಟ್ಟಿಗೆ ಮಾತ್ರ ಊರಿನಲ್ಲೇ, ಆಶಾ ಕಾರ್ಯಕರ್ತೆಯ ಮನೆಯಲ್ಲಿ ಇತ್ತು. ಅವರು ತಲೆಮಾರುಗಳಿಂದ ನಡೆದ ದಾರಿಯಲ್ಲೇ ನಡೆಯುತ್ತಿದ್ದರು. ಸಂಪರ್ಕ ತಪ್ಪಿದ್ದು ನಮಗೆ.

2017ರ ಕೊನೆಯಲ್ಲಿ ವಾರಕ್ಕೆ ಮೂರು ದಿನದ ಮಾತ್ರೆಯ ಬದಲು ದಿನವೂ ನುಂಗುವ ಪದ್ಧತಿ ದೇಶದಾದ್ಯಂತ ಜಾರಿಗೆ ಬಂದಿತ್ತು. ಮಾತ್ರೆಯ ಹಾಳೆಗೆ ಸುತ್ತಿದ ಲಕೋಟೆಯಲ್ಲಿ ಒಂದು ಫೋನ್ ಸಂಖ್ಯೆ ಅಡಗಿರುವ ವ್ಯವಸ್ಥೆಯೂ ಇತ್ತು. ಮಾತ್ರೆ ಒತ್ತಿ ತೆಗೆದಾಗ ಸಂಖ್ಯೆ ಕಾಣಿಸುತ್ತಿತ್ತು, ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಆ ದಿನದ ಮಾತ್ರೆ ದಾಖಲಾಗುತ್ತಿತ್ತು. ಆ ಕುರಿಗಾಹಿಗೆ ಮತ್ತೆ ಕಫ ಪರೀಕ್ಷೆ ಮಾಡಿಸಿ, ವೈದ್ಯರು ಚಿಕಿತ್ಸೆ ಶುರು ಮಾಡಿದ ಮೇಲೆ, ತಿಂಗಳ ಮಾತ್ರೆಯನ್ನು ಒಟ್ಟಿಗೇ ಕಟ್ಟಿಕೊಟ್ಟೆವು. ಮುಂದಿನ ತಿಂಗಳಿನದನ್ನು ಹಿಂಡು ತಂಗುವ ಊರಿನ ಆರೋಗ್ಯ ಕೇಂದ್ರದಲ್ಲಿ ಕೊಡಿಸಲು ಪಕ್ಕದ ತಾಲ್ಲೂಕಿನ ಸಹೋದ್ಯೋಗಿಗೆ ಫೋನ್ ಮಾಡಿದೆ. ಇದರಲ್ಲಿ ಯಾವುದೂ ಹೊಸ ಅನುಕೂಲವಲ್ಲ. ಎಲ್ಲವೂ ನನ್ನ ಕೈಯಳತೆಯಲ್ಲೇ ಇತ್ತು.

ಇದು ನನ್ನೊಬ್ಬನ ಅನುಭವ ಎನ್ನಬೇಡಿ. 2018ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ನೋವಿನಿಂದ ಬಂದ ಒಬ್ಬನೇ ಕಾಲ್ಪನಿಕ ರೋಗಿಯ ಕೇಸ್ ಷೀಟನ್ನು ಎರಡು ರೀತಿ ಬರೆದಿದ್ದರು: ಒಂದು ಸುಮ್ಮನೆ ಇದ್ದದ್ದನ್ನು ಹೇಳುವಂತೆ, ಇನ್ನೊಂದು ರೋಗಿಯ ಮೇಲೆ ಅನುಮಾನ ಸೂಚಿಸುವಂತೆ. ನಾನೂರಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರು ಒಬ್ಬೊಬ್ಬರು ಒಂದೊಂದನ್ನು ಓದಿದರು. ಎರಡನೆಯದನ್ನು ಓದಿದವರಿಗೆ ರೋಗಿಯ ಬಗ್ಗೆ ಕೀಳು ಅಭಿಪ್ರಾಯ ಮೂಡಿತು, ನೋವಿಗೆ ಅವರು ಸೂಚಿಸಿದ ಚಿಕಿತ್ಸೆಯೂ ಸಪ್ಪೆಯಾಗಿತ್ತು. ನಾನು ಕಾರ್ಡಿನಲ್ಲಿ ಬರೆದಿಟ್ಟ ‘ಅಸಹಕಾರ’ವನ್ನು ನನ್ನ ನಂತರ ಎಷ್ಟು ಜನ ಓದಿರಬಹುದು ಎಂದು ಲೆಕ್ಕ ಹಾಕಿ ನೋಡಿದೆ. ಔಷಧ ಕೊಡುವವರು, ಪ್ರಯೋಗಾಲಯದವರು, ವೈದ್ಯರು, ಜಿಲ್ಲಾ ಕಚೇರಿಯವರು. ಆ ಮನುಷ್ಯ ಹೋದಲ್ಲೆಲ್ಲ ನನ್ನ ಒಂದು ಪದ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ನಿಮ್ಮ ಸುಣ್ಣದ ಅನುಮಾನದಲ್ಲೂ ಸತ್ಯವಿದೆ. ಹೊಸ ಪದಕ್ಕೂ ತುಕ್ಕು ಹಿಡಿಯುತ್ತದೆ. ಇಂಗ್ಲಿಷಿನ ಆ ಪದಗುಚ್ಛವನ್ನು ನಾಲ್ಕು ಅಕ್ಷರಕ್ಕೆ ಇಳಿಸಿ, ವರ್ಷ ತುಂಬುವುದರೊಳಗೆ ನಮ್ಮವರು “ಆ ಎಲ್‌ಟಿಎಫ್‌ಯು ಮತ್ತೆ ಬಂದ” ಎನ್ನತೊಡಗಿದರು. ಪದ ಬದಲಾಗಿತ್ತು, ಅದರ ಹಿಂದೆ ಬರಬೇಕಾದ ಪ್ರಶ್ನೆ ಹಳೆಯದೇ ಆಗಿತ್ತು. ಆದ್ದರಿಂದ ಕಿರಿಯ ಸಹೋದ್ಯೋಗಿಗಳಿಗೆ ನಾನು ಪದಗಳ ಪಟ್ಟಿ ಕೊಡುತ್ತಿರಲಿಲ್ಲ. ರೋಗಿಯ ಬಗ್ಗೆ ಬರೆದ ವಾಕ್ಯವನ್ನು ರೋಗಿಯ ಎದುರೇ, ಬಹುವಚನದಲ್ಲಿ, ಗಟ್ಟಿಯಾಗಿ ಓದಲು ಹೇಳುತ್ತಿದ್ದೆ. ಓದಲು ನಾಲಿಗೆ ತಡವರಿಸಿದರೆ ಆ ವಾಕ್ಯವನ್ನು ಹೊಡೆದು ಹಾಕಿ ಬೇರೆ ಬರೆಯಬೇಕಿತ್ತು.

ಆ ಕುರಿಗಾಹಿ ಚಿಕಿತ್ಸೆ ಮುಗಿಸಿದರು. ನಡುವೆ ಒಂದು ಸಂಜೆ ಅವರೇ ಫೋನ್ ಮಾಡಿದ್ದರು. ಹಿಂದೆ ಕುರಿಗಳ ಸದ್ದು ಜೋರಾಗಿತ್ತು. “ಸಾರ್, ನಾಳೆ ಹಿಂಡು ಎಬ್ಬಿಸುತ್ತೇವೆ. ಮುಂದಿನ ಮಾತ್ರೆ ಯಾವ ಊರಿನಲ್ಲಿ ಇಸಿದುಕೊಳ್ಳಲಿ?” ಎಂದರು.