50 ಪೈಸೆಯ ಬೆಂಕಿಪೊಟ್ಟಣ: ಕಾಲ ಮತ್ತು ಲೇಬಲ್
50 ಪೈಸೆ ಅಂತ ಬರೆದಿರುವ ಮರದ ಪದರದ ಬೆಂಕಿಪೊಟ್ಟಣ ಯಾವ ಕಾಲದ್ದು, ಲೇಬಲ್ ಹರಿಯದಂತೆ ಬಿಡಿಸುವುದು ಹೇಗೆ ಎಂದು ಕೇಳಿದ್ದೀರಿ. ಆ ಬೆಲೆ 1995ರಿಂದ 2007ರವರೆಗಿನದು. ಆಮೇಲೆ ಒಂದು ರೂಪಾಯಿ ಆಯಿತು.

ಮೊದಲು ಕಡ್ಡಿಗಳನ್ನು ತೆಗೆದಿಡಿ. ಒದ್ದೆ ಹತ್ತಿಯನ್ನು ಲೇಬಲ್ಲಿನ ಮೂಲೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಪೊಟ್ಟಣ ಇದ್ದ ಹಾಗೇ ಚೆಂದ. ಬಣ್ಣ ಬಿಡದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ. ಗಂಜಿಯ ಅಂಟು ಮೆತ್ತಗಾದ ಮೇಲೆ ಲೇಬಲ್ ಎಳೆಯಬೇಡಿ, ನೆನೆದ ಕಾಗದ ಪಟ್ಟನೆ ಹರಿಯುತ್ತದೆ. ಅದನ್ನು ಮುಖ ಕೆಳಗಾಗಿ ಮಲಗಿಸಿ ಮರದ ಪದರವನ್ನೇ ಮೆಲ್ಲಗೆ ಸರಿಸಿ. ಹಿಂಬದಿಯ ಅಂಟನ್ನು ಪೂರ್ತಿ ತೊಳೆಯಿರಿ, ಇಲ್ಲವಾದರೆ ಒಣಗಲು ಇಟ್ಟಾಗ ನೀರು ಹೀರುವ ಬ್ಲಾಟಿಂಗ್ ಪೇಪರಿಗೆ ಕಚ್ಚಿಕೊಳ್ಳುತ್ತದೆ. ರಟ್ಟಿನ ಪೊಟ್ಟಣವನ್ನಂತೂ ನೆನೆಸಲೇಬೇಡಿ, ಅದರಲ್ಲಿ ಚಿತ್ರ ರಟ್ಟಿನ ಮೇಲೇ ಅಚ್ಚಾಗಿರುತ್ತದೆ.