ಸರ್ಕಾರಿ ನೌಕರಿ ಇಲ್ಲದವರಿಗೂ ಪಿಂಚಣಿ ಯಾಕೆ ಕೊಡಬೇಕು?

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ 1998ರಿಂದ 2023ರವರೆಗೆ ಫಿಟ್ಟರ್ ಆಗಿದ್ದೆ. ಈಗ ತಿಂಗಳಿಗೆ ಮೂರೂವರೆ ಸಾವಿರ ಚಿಲ್ಲರೆ ಪಿಎಫ್ ಪಿಂಚಣಿ ಬರುತ್ತಿದೆ. ನಮ್ಮ ಭಾವ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರಾಗಿದ್ದವರು. ಅವರಿಗೆ ಇದರ ಹತ್ತು ಪಟ್ಟಿಗಿಂತ ಜಾಸ್ತಿ ಬರುತ್ತದೆ, ಅದೂ ತುಟ್ಟಿಭತ್ಯೆ ಏರಿದಾಗಲೆಲ್ಲ ಏರುತ್ತದೆ. ಸರ್ಕಾರ ಎಲ್ಲರಿಗೂ ಪಿಂಚಣಿ ಕೊಡಬೇಕು ಅನ್ನುವುದು ನನ್ನ ವಾದ. 'ಅವರವರ ಮುಪ್ಪಿಗೆ ಅವರವರೇ ಉಳಿಸಿಕೊಳ್ಳಬೇಕು, ತೆರಿಗೆ ಕಟ್ಟುವವರ ತಲೆ ಮೇಲೆ ಯಾಕೆ ಹೊರಿಸ್ತೀರಿ' ಅನ್ನುತ್ತಾನೆ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗ. ಯಾರದು ಸರಿ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ವಾದವೇ ಸರಿ. ಆದರೆ ಭಾವನವರ ಪಿಂಚಣಿಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಲೆಕ್ಕ ನೋಡೋಣ. ಮಾಲೀಕರು ನಿಮ್ಮ ಹೆಸರಿಗೆ ಸಂಬಳದ ಶೇ 12 ಕಟ್ಟುತ್ತಾರೆ, ಅದರಲ್ಲಿ ಸಂಬಳದ ಶೇ 8.33ರಷ್ಟು ಪಿಂಚಣಿ ಖಾತೆಗೆ ಹೋಗುತ್ತದೆ. ಆದರೆ ಸಂಬಳ ಎಷ್ಟೇ ಇದ್ದರೂ ₹15,000 ದಾಟಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. 2014ರ ಸೆಪ್ಟೆಂಬರ್‌ಗಿಂತ ಮೊದಲಿನ ಸೇವೆಗೆ ಆ ಮಿತಿ ₹6,500 ಮಾತ್ರ. ಸೂತ್ರ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ನಿಮ್ಮ ಮೊದಲ ಹದಿನಾರು ವರ್ಷಕ್ಕೆ ಹತ್ತಿರಹತ್ತಿರ ₹1,486, ಆಮೇಲಿನ ಒಂಬತ್ತು ವರ್ಷಕ್ಕೆ ₹1,929. ಇಪ್ಪತ್ತು ವರ್ಷ ದಾಟಿದ ಸೇವೆಗೆ ಸೇರಿಸುವ ಎರಡು ವರ್ಷವನ್ನೂ ಕೂಡಿದರೆ ನೀವು ಬರೆದ ಮೊತ್ತಕ್ಕೇ ಬಂದು ನಿಲ್ಲುತ್ತದೆ. ಕಚೇರಿಯವರು ನಿಮಗೆ ಮೋಸ ಮಾಡಿಲ್ಲ, ಯೋಜನೆಯೇ ಅಷ್ಟು. ಇದರಲ್ಲಿ ತುಟ್ಟಿಭತ್ಯೆ ಎಂಬುದೇ ಇಲ್ಲ. ಹಾಗಾಗಿ ಅಕ್ಕಿ, ಎಣ್ಣೆ, ಬಿಪಿ ಮಾತ್ರೆಯ ಬೆಲೆ ಎಲ್ಲಿಗೆ ಹೋದರೂ ನಿಮ್ಮ ಪಿಂಚಣಿ ನಿಂತಲ್ಲೇ ನಿಂತಿರುತ್ತದೆ. ಕನಿಷ್ಠ ಪಿಂಚಣಿ ₹1,000 ಎಂದು 2014ರಲ್ಲಿ ನಿಗದಿಯಾಯಿತು. ಅದನ್ನು ಏರಿಸಿ ಎಂದು ಪಿಂಚಣಿದಾರರು ಅಂದಿನಿಂದ ಧರಣಿ ಕೂರುತ್ತಲೇ ಇದ್ದಾರೆ.

ಭಾವನವರದು ಹಳೆಯ ವ್ಯವಸ್ಥೆ. ಕೊನೆಯ ಮೂಲವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ಇದಕ್ಕೆಂದು ಯಾರೂ ನಿಧಿ ಕೂಡಿಟ್ಟಿರಲಿಲ್ಲ, ಆಯಾ ವರ್ಷದ ಖಜಾನೆಯಿಂದಲೇ ಕೊಡಬೇಕು. ಆ ಹೊರೆಗೆ ಹೆದರಿಯೇ ಕೇಂದ್ರ 2004ರ ಜನವರಿಯಿಂದ, ಕರ್ನಾಟಕ 2006ರ ಏಪ್ರಿಲ್‌ನಿಂದ ಹೊಸದಾಗಿ ಸೇರುವವರನ್ನು ಎನ್‌ಪಿಎಸ್‌ಗೆ, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಹಾಕಿದವು. ಅದರಲ್ಲಿ ನೌಕರರೂ ಸರ್ಕಾರವೂ ಕಟ್ಟಿದ ದುಡ್ಡು ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಪಿಂಚಣಿ, ಇಂತಿಷ್ಟೆಂಬ ಭರವಸೆ ಇಲ್ಲ. ನೌಕರರು ಬೀದಿಗಿಳಿದರು. ರಾಜಸ್ಥಾನ, ಹಿಮಾಚಲದಂಥ ರಾಜ್ಯಗಳು ಹಳೆಯದಕ್ಕೇ ಮರಳುವುದಾಗಿ ಘೋಷಿಸಿದವು. ಕೇಂದ್ರ ನಡುದಾರಿ ಹಿಡಿದು 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತು: 25 ವರ್ಷ ಸೇವೆ ಮಾಡಿದವರಿಗೆ ಅರ್ಧ ವೇತನದ ಭರವಸೆ ಇದೆ, ಆದರೆ ನೌಕರರೂ ಸರ್ಕಾರವೂ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ನನಗೆ ಈ ದಾರಿಯೇ ಸರಿ ಕಾಣುತ್ತದೆ. ನಿಧಿಯಿಲ್ಲದ ಭರವಸೆಯ ಬಿಲ್ಲು ಕೊನೆಗೆ ಬರುವುದು ನಿಮ್ಮ ಮೊಮ್ಮಕ್ಕಳ ಹೆಸರಿಗೆ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಕೈತುಂಬ ಸಂಬಳ ಬರುವವರಿಗೆ ಅವರು ಹೇಳುವುದು ಒಪ್ಪುವ ಮಾತೇ. ಆದರೆ ಎಷ್ಟು ವರ್ಷ ಬದುಕುತ್ತೇವೆಂದು ಯಾರಿಗೂ ಗೊತ್ತಿಲ್ಲ. 75ಕ್ಕೆ ಸಾಕೆಂದು ಕೂಡಿಟ್ಟವರು 90ರವರೆಗೆ ಇದ್ದರೆ? ಇನ್ನು ಉಳಿಸಲು ಆದಾಯವೇ ಇಲ್ಲದವರು? ಕಳೆ ಕೀಳುವ ಕೂಲಿ ಹೆಂಗಸಿಗೆ ನಿವೃತ್ತಿ ವಯಸ್ಸು ಅಂತ ಒಂದಿದೆಯೇ? ಮಂಡಿ ಬಗ್ಗದ ದಿನವೇ ಅವಳ ನಿವೃತ್ತಿ. ತೆರಿಗೆ ಕಟ್ಟುವವರು ಅಂದರೆ ಬರೀ ಆದಾಯ ತೆರಿಗೆಯವರು ಎಂದುಕೊಂಡಂತಿದೆ ನಿಮ್ಮ ಮಗ. ಅವಳು ಕೊಳ್ಳುವ ಸೋಪಿನ ಜಿಎಸ್‌ಟಿಯೂ ಅದೇ ಖಜಾನೆಗೆ ಹೋಗುತ್ತದೆ.

1982ರಲ್ಲಿ ಡಿ.ಎಸ್. ನಕಾರ ಎಂಬುವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಮಾಲೀಕರ ಕೃಪೆಯಲ್ಲ, ದುಡಿದವರ ಹಕ್ಕು ಎಂದಿತು. ಅದು ಸರ್ಕಾರಿ ನಿವೃತ್ತರ ಪ್ರಕರಣ. ಉಳಿದವರಿಗೆ ಸಂವಿಧಾನದ 41ನೇ ವಿಧಿ ಇದೆ: ಮುಪ್ಪಿನಲ್ಲಿ ನೆರವು ಕೊಡಲು ಸರ್ಕಾರ ವ್ಯವಸ್ಥೆ ಮಾಡಬೇಕು, ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ'. ಆ ಮಿತಿಯ ನೆಪದಲ್ಲೇ ಎಲ್ಲ ಸೋರಿಹೋಗುತ್ತದೆ. ಕೇಂದ್ರದ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು ತಿಂಗಳಿಗೆ ₹75ರಿಂದ ಶುರುವಾಯಿತು. 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ₹200 ಆಗಿ ಹದಿನೈದು ವರ್ಷಕ್ಕೂ ಹೆಚ್ಚಾಯಿತು, ಕದಲಿಲ್ಲ.

ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ₹1,200 ಸಿಗುತ್ತದೆ. ಗೌರಿಬಿದನೂರಿನಿಂದ ಗಡಿ ದಾಟಿ ಹಿಂದೂಪುರಕ್ಕೆ ಹೋದರೆ, ಅಲ್ಲಿನ ವೃದ್ಧರಿಗೆ ಆಂಧ್ರ ಸರ್ಕಾರ 2024ರ ಜುಲೈನಿಂದ ₹4,000 ಕೊಡುತ್ತಿದೆ. ಇನ್ನೊಂದು ವಿಚಿತ್ರ: ನಮ್ಮಲ್ಲೇ ಗೃಹಲಕ್ಷ್ಮಿಗೆ ₹2,000, ಮುಪ್ಪಿಗೆ ಅದಕ್ಕಿಂತ ಕಡಿಮೆ. ಗೃಹಲಕ್ಷ್ಮಿ ಬೇಡ ಅಂತ ನಾನು ಹೇಳುತ್ತಿಲ್ಲ.

ಮೊತ್ತಕ್ಕಿಂತ ನನ್ನನ್ನು ಕಾಡುವುದು ಆದಾಯದ ಷರತ್ತು. ಸಂಧ್ಯಾ ಸುರಕ್ಷಾಕ್ಕೆ ವಾರ್ಷಿಕ ಆದಾಯ ₹32,000 ಮೀರಬಾರದು. 2024–25ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹349 ಇತ್ತು. ಕಾನೂನು ಕೊಟ್ಟ ನೂರು ದಿನವನ್ನೂ ಒಬ್ಬ ಮುದುಕ ದುಡಿದಿದ್ದರೆ ₹34,900 ಆಗುತ್ತಿತ್ತು. ಅಲ್ಲಿಗೆ ಅವನು ಕಾಗದದ ಮೇಲೆ ಬಡವನೇ ಅಲ್ಲ! ಹೀಗಾಗಿ ನಾಡಕಚೇರಿಯಲ್ಲಿ ಎಲ್ಲರೂ ಒಂದೇ ಥರದ ಆದಾಯ ಪತ್ರ ಮಾಡಿಸುತ್ತಾರೆ, ಕೊಡುವವರಿಗೂ ಗೊತ್ತು, ಪಡೆಯುವವರಿಗೂ ಗೊತ್ತು. ನಿಯತ್ತಾಗಿ ಆದಾಯ ಹೇಳಿದವರು ಮಾತ್ರ ಹೊರಗುಳಿಯುತ್ತಾರೆ.

ನೇಪಾಳ ಈ ರಗಳೆಗೇ ಹೋಗಲಿಲ್ಲ. 1995ರಲ್ಲಿ 75 ದಾಟಿದವರಿಗೆ ಅಲ್ಲಿನ ನೂರು ರೂಪಾಯಿಯಿಂದ ಶುರುಮಾಡಿ, ಈಗ 68 ದಾಟಿದವರಿಗೆ ತಿಂಗಳಿಗೆ 4,000 ನೇಪಾಳಿ ರೂಪಾಯಿ ಕೊಡುತ್ತಿದೆ. ನಮ್ಮ ಲೆಕ್ಕದಲ್ಲಿ ₹2,500. ಬೇರೆ ಸರ್ಕಾರಿ ಪಿಂಚಣಿ ಇದ್ದವರಿಗೆ ಇಲ್ಲ, ಉಳಿದವರಿಗೆ ವಯಸ್ಸೇ ಅರ್ಹತೆ. ನಮಗಿಂತ ಬಡ ದೇಶಕ್ಕೆ ಇದು ಸಾಧ್ಯವಾದರೆ 'ಸಾಮರ್ಥ್ಯದ ಮಿತಿ' ಎನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ತೆರಿಗೆ ಹಣದ ಮೊದಲ ಪಾಲು ಯಾವ ಪಿಂಚಣಿಯೂ ಇಲ್ಲದವರಿಗೆ ಹೋಗಲಿ, ಬೆಲೆಯೇರಿಕೆಗೆ ತಕ್ಕಂತೆ ತಾನೇ ಏರಲಿ. ರಾಜಸ್ಥಾನ 2023ರ ಕಾಯ್ದೆಯಲ್ಲಿ ವರ್ಷಕ್ಕೆ ಶೇ 15ರ ಏರಿಕೆಯನ್ನು ಬರೆದೇ ಇಟ್ಟಿತು. ಅದರ ಮೇಲೆ ಬೇಕಾದಷ್ಟು ನಿಮ್ಮ ಮಗ ಹೇಳಿದ ಹಾಗೆ ಅವರವರೇ ಉಳಿಸಿಕೊಳ್ಳಲಿ.

ಪ್ರಶ್ನೆ: ನನಗೆ 35, ಆಟೋ ಓಡಿಸುತ್ತೇನೆ. ಬ್ಯಾಂಕಿನವರು ಅಟಲ್ ಪಿಂಚಣಿ ಮಾಡಿಸು ಅನ್ನುತ್ತಿದ್ದಾರೆ. ಮಾಡಿಸಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಾಡಿಸಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ. ನಿಮ್ಮ ವಯಸ್ಸಿಗೆ ತಿಂಗಳಿಗೆ ₹902 ಕಟ್ಟಿದರೆ 60ರ ನಂತರ ₹5,000 ಬರುತ್ತದೆ. ನಿಮ್ಮ ನಂತರ ಹೆಂಡತಿಗೂ ಅಷ್ಟೇ ಸಿಗುತ್ತದೆ, ಇಬ್ಬರ ನಂತರ ನಾಮಿನಿಗೆ ₹8.5 ಲಕ್ಷ. ಇದಕ್ಕೆ ಸರ್ಕಾರದ ಖಾತರಿ ಇದೆ. ಖಾತರಿ ಇಲ್ಲದ್ದು ಬೆಲೆಯೇರಿಕೆಗೆ: ಇಪ್ಪತ್ತೈದು ವರ್ಷದ ನಂತರದ ಐದು ಸಾವಿರ ಇವತ್ತಿನ ಐದು ಸಾವಿರ ಆಗಿರುವುದಿಲ್ಲ. ಆದಾಯ ತೆರಿಗೆ ಕಟ್ಟುವವರಾದರೆ ಸೇರಲಾಗದು. ಖಾತೆಯಲ್ಲಿ ಕಂತಿನ ದಿನ ದುಡ್ಡಿರಲಿ, ಇಲ್ಲದಿದ್ದರೆ ದಂಡ ಬೀಳುತ್ತದೆ. ಮುಂದೆ ನೋಡೋಣ ಅಂತ ಬಿಡಬೇಡಿ, 40 ದಾಟಿದರೆ ಸೇರಿಸಿಕೊಳ್ಳುವುದಿಲ್ಲ.