ತಂಜಾವೂರಿಗೆ ಮೂರು ದಿನ: ದೇವಸ್ಥಾನ, ಊಟ, ಸಂಗೀತಕ್ಕೆ ಒಂದೊಂದು ದಿನ ಇಟ್ಟರೆ ಸರಿಹೋಗುತ್ತಾ?

ಬೇಡ. ಹೀಗೆ ಹಂಚಬೇಡಿ. ಮೊದಲ ದಿನ ದೇವಸ್ಥಾನಗಳು, ಎರಡನೇ ದಿನ ಊಟ-ತಿಂಡಿ, ಮೂರನೇ ದಿನ ಸಂಗೀತ ಮತ್ತು ತಿರುವಯ್ಯಾರು ಅಂತ ಬರೆದಿದ್ದೀರಿ. ಓದಿ ನನಗೆ ಸಂಕಟವಾಯಿತು. ಅಮ್ಮನನ್ನು ತಂಜಾವೂರಿಗೆ ಕರೆದುಕೊಂಡು ಹೋದಾಗ ನಾನು ಮಾಡಿಕೊಂಡಿದ್ದ ಪಟ್ಟಿಯೂ ಇದೇ.

ಅಮ್ಮ ಚಿಕ್ಕ ವಯಸ್ಸಿನಿಂದ ಹಾಡಿದವರು. ನಮ್ಮ ಬಡಾವಣೆಯಲ್ಲಿ ತ್ಯಾಗರಾಜರ ಆರಾಧನೆ ಆದಾಗಲೆಲ್ಲ ಪಂಚರತ್ನ ಗೋಷ್ಠಿಯಲ್ಲಿ ಕೂರುತ್ತಿದ್ದರು. ಐದೂ ಕೃತಿಗಳು ಪುಸ್ತಕ ನೋಡದೆ ಬರುತ್ತಿದ್ದವು. ತಿರುವಯ್ಯಾರಿನಲ್ಲಿರುವ ತ್ಯಾಗರಾಜರ ಸಮಾಧಿಯ ಮುಂದೆ ಕೂತು ಒಂದನ್ನಾದರೂ ಹಾಡಬೇಕು ಅನ್ನುವುದು ಅವರ ಆಸೆ. ಆ ಒಂದು ಕಾರಣಕ್ಕೇ ಹೊರಟಿದ್ದೆವು.

ಮೊದಲ ದಿನ ದೊಡ್ಡ ದೇವಸ್ಥಾನ, ಅಂದರೆ ತಂಜಾವೂರಿನ ಬೃಹದೀಶ್ವರ ದೇವಸ್ಥಾನ, ತಲುಪಿದಾಗ ಹತ್ತೂವರೆ ಆಗಿತ್ತು. ಚಪ್ಪಲಿ ಹೊರಗೆ ಬಿಡಬೇಕಲ್ವಾ. ಅಂಗಳದ ಕಲ್ಲು ಕಾದ ಹೆಂಚಾಗಿತ್ತು. ಅಮ್ಮ ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಬೇಗಬೇಗ ಹೆಜ್ಜೆ ಹಾಕುತ್ತಿದ್ದರು. ಗೋಪುರ ನೋಡಲು ತಲೆ ಎತ್ತಲೂ ಆಗಲಿಲ್ಲ. ದರ್ಶನ ಮುಗಿಸಿ ಓಡಿದ್ದು ಕುಂಭಕೋಣದ ಪಕ್ಕದ ದಾರಾಸುರದ ದೇವಸ್ಥಾನಕ್ಕೆ. ಅಲ್ಲಿ ಗರ್ಭಗುಡಿಯ ಬಾಗಿಲು ಹಾಕಿತ್ತು. ಹೊರಗಿನ ಕೆತ್ತನೆ ನೋಡೋಣವೆಂದರೆ ನೆತ್ತಿ ಸುಡುತ್ತಿತ್ತು. ಪಟ್ಟಿಯಲ್ಲಿ ಇದೆಯಲ್ಲ ಅಂತ ಇನ್ನೊಂದು ಚೋಳ ದೇವಸ್ಥಾನವಿರುವ ಗಂಗೈಕೊಂಡ ಚೋಳಪುರಕ್ಕೂ ಕಾರು ಓಡಿಸಿದೆವು. ರಾತ್ರಿ ಹೋಟೆಲಿಗೆ ಬಂದಾಗ ಅಲ್ಲಿನ ಕಾವಲುಗಾರ ಕೇಳಿದ, 'ಇವತ್ತು ಪ್ರದೋಷ, ದೊಡ್ಡ ದೇವಸ್ಥಾನದಲ್ಲಿ ನಂದಿ ಅಭಿಷೇಕ ನೋಡಿದಿರಾ?' ನಾವು ಆ ಹೊತ್ತಿಗೆ ಹೆದ್ದಾರಿಯಲ್ಲಿದ್ದೆವು.

ಎರಡನೇ ದಿನ ತಿಂದೆವು. ಒಂದೇ ದಿನದಲ್ಲಿ ಎಷ್ಟು ತಿನ್ನಲು ಸಾಧ್ಯ? ಮಧ್ಯಾಹ್ನಕ್ಕೇ ಅಮ್ಮನಿಗೆ ಹೊಟ್ಟೆ ಭಾರವಾಗಿ ಮಲಗಿದರು.

ಮೂರನೇ ದಿನ ಬೆಳಗ್ಗೆ ಅರಮನೆ ಮತ್ತು ಬೊಂಬೆ ಖರೀದಿ. ಅದು ಮುಗಿಸಿ ತಿರುವಯ್ಯಾರಿಗೆ ಹೋದಾಗ ಒಂದು ಗಂಟೆ. ಸಮಾಧಿಯ ಬಾಗಿಲು ಹಾಕಿದ್ದರು. ಸಂಜೆ ತೆಗೆಯುತ್ತಾರೆ ಅಂದರು. ನಮಗೆ ಸಂಜೆ ತಿರುಚಿರಾಪಳ್ಳಿಯಿಂದ ವಿಮಾನ, ಎರಡಕ್ಕೆ ಹೊರಡಲೇಬೇಕು. ಅಮ್ಮ ಬಾಗಿಲಿನ ಹೊರಗೆ ನಿಂತು ಕೈಮುಗಿದರು. ಹಾಡಲಿಲ್ಲ. 'ಇರಲಿ ಬಿಡು, ಇನ್ನೊಮ್ಮೆ ಬರೋಣ' ಅಂದರು. ಆಮೇಲೆ ಅವರ ಮಂಡಿ ಕೈಕೊಟ್ಟಿತು. ಇನ್ನೊಮ್ಮೆ ಆಗಲೇ ಇಲ್ಲ.

ತಪ್ಪು ಎಲ್ಲಿ ಆಯಿತು ಅಂತ ನಾನು ತುಂಬಾ ಯೋಚಿಸಿದ್ದೇನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಮೇಲ್ನೋಟಕ್ಕೆ ಇದು 'ಸಮಯ ವಿಚಾರಿಸಿಕೊಳ್ಳಲಿಲ್ಲ' ಅನ್ನುವಷ್ಟೇ ಚಿಕ್ಕದಾಗಿ ಕಾಣುತ್ತದೆ. ಅಲ್ಲ. ಸಮಯ ಗೊತ್ತಿದ್ದರೂ ಆ ಪಟ್ಟಿಯಲ್ಲಿ ಅದು ಕೂರುತ್ತಿರಲಿಲ್ಲ. ಅಲ್ಲಿನ ದೇವಸ್ಥಾನಗಳು ಬೆಳಗ್ಗೆ ಬೇಗ ತೆಗೆದು ಹನ್ನೆರಡು-ಹನ್ನೆರಡೂವರೆಗೆ ಮುಚ್ಚುತ್ತವೆ. ಮತ್ತೆ ನಾಲ್ಕರಿಂದ ರಾತ್ರಿಯವರೆಗೆ. ಕಲ್ಲಿನ ಕೆತ್ತನೆ ಚೆನ್ನಾಗಿ ಕಾಣುವುದು ಬಿಸಿಲು ಓರೆಯಾಗಿ ಬೀಳುವಾಗ, ಅಂದರೆ ಅದೇ ಬೆಳಗ್ಗೆ ಮತ್ತು ಸಂಜೆ. ನಾಗಸ್ವರ ಕೇಳುವುದು ಪೂಜೆಯ ಹೊತ್ತಿಗೆ. ಅದೂ ಬೆಳಗ್ಗೆ-ಸಂಜೆ. ಹೋಟೆಲುಗಳಲ್ಲಿ ಒಳ್ಳೆಯ ತಿಂಡಿ ಸಿಗುವುದು ಬೆಳಗ್ಗೆ, ಮತ್ತೆ ನಾಲ್ಕರ ನಂತರ. ಮೂರಕ್ಕೂ ಜೀವ ಇರುವ ಹೊತ್ತು ಒಂದೇ. ನೀವು 'ಇವತ್ತು ಬರೀ ದೇವಸ್ಥಾನ' ಅಂತ ಕೂತರೆ ಮಧ್ಯಾಹ್ನವನ್ನೂ ದೇವಸ್ಥಾನಕ್ಕೇ ಕೊಡಬೇಕು. 'ಇವತ್ತು ಬರೀ ಸಂಗೀತ' ಅಂದರೆ ಮಧ್ಯಾಹ್ನ ಸಂಗೀತಕ್ಕೆ. ಹೀಗೆ ಪ್ರತಿಯೊಂದರ ಪಾಲಿಗೂ ಅದರ ಸತ್ತ ಹೊತ್ತು ಬರುತ್ತದೆ. ಪಟ್ಟಿಯಲ್ಲಿ ಮೂರನೆಯದಕ್ಕೆ ಅದು ಮಾತ್ರವೇ ಬರುತ್ತದೆ. ಆಗಿದ್ದು ಅದೇ.

ಆಮೇಲೆ ನಾನೊಬ್ಬನೇ ಹೋದೆ. ದಿನವನ್ನು ವಿಷಯದ ಮೇಲೆ ಹಂಚಲಿಲ್ಲ, ಹೊತ್ತಿನ ಮೇಲೆ ಹಂಚಿದೆ. ಬೆಳಗ್ಗೆ ಆರಕ್ಕೇ ದೊಡ್ಡ ದೇವಸ್ಥಾನದೊಳಗೆ ಇದ್ದೆ. ಕಲ್ಲು ತಣ್ಣಗಿತ್ತು. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ, ಮೊದಲ ಬಿಸಿಲು ನೇರ ಬಾಗಿಲಿನ ಮೇಲೆ ಬೀಳುತ್ತದೆ. ರಾಜರಾಜ ಚೋಳ ಕಟ್ಟಿಸಿ 1010ರಲ್ಲಿ ಕುಂಭಾಭಿಷೇಕ ಮಾಡಿಸಿದ್ದು, ಇನ್ನೂರು ಅಡಿಗೂ ಮೀರಿದ ಎತ್ತರ, ಎಲ್ಲಾ ಗ್ರಾನೈಟು. ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲ ಅಂತ ಗೈಡುಗಳು ಹೇಳುತ್ತಾರೆ. ಬೀಳುತ್ತದೆ. ನಾನು ಅದೇ ನೆರಳಿನಲ್ಲಿ ಕೂತಿದ್ದೆ.

ಸಂಗೀತಕ್ಕೆ ಬೇರೆ ದಿನ ಬೇಕು ಅಂತೀರಲ್ಲ, ಆ ಗೋಡೆಗಳನ್ನೇ ನೋಡಿ. ದೇವಸ್ಥಾನದ ಸೇವೆಗೆ ಕರೆಸಿದ ನಾನೂರು ನರ್ತಕಿಯರ ಹೆಸರುಗಳನ್ನು ಶಾಸನದಲ್ಲಿ ಒಬ್ಬೊಬ್ಬರದಾಗಿ ಕೆತ್ತಿಸಿದ್ದಾರೆ. ಯಾವ ಊರಿನವಳು, ಯಾವ ಬೀದಿಯಲ್ಲಿ ಮನೆ, ಎಲ್ಲಾ ಇದೆ. ತೇವಾರ, ಅಂದರೆ ತಮಿಳಿನ ಶಿವಸ್ತುತಿಗಳನ್ನು, ಹಾಡಲು 48 ಜನ, ಜೊತೆಗೆ ವಾದ್ಯ ನುಡಿಸಲು ಇಬ್ಬರು ಅಂತ ಲೆಕ್ಕ ಬರೆಸಿದ್ದಾರೆ, ಅವರಿಗೆ ಎಷ್ಟು ಭತ್ತ ಅನ್ನುವುದನ್ನೂ. ಮೇಲಿನ ಅಂತಸ್ತಿನಲ್ಲಿ ನಾಟ್ಯದ 108 ಕರಣಗಳ (ನೃತ್ಯಭಂಗಿಗಳ) ಪೈಕಿ 81 ಕೆತ್ತಿದ್ದಾರೆ. ಉಳಿದ ಕಲ್ಲುಗಳು ಖಾಲಿ. ಅಲ್ಲಿಗೆ ನಮ್ಮನ್ನು ಬಿಡುವುದಿಲ್ಲ, ಆದರೂ ಕೆಳಗೆ ನಿಂತಾಗ ಗೊತ್ತಿದ್ದರೆ ಒಳ್ಳೆಯದು. ಸಂಗೀತ, ಕುಣಿತ, ಅನ್ನ ಮೂರನ್ನೂ ಒಂದೇ ಕಲ್ಲಿನ ಮೇಲೆ ಬರೆದಿಟ್ಟ ಊರಿನಲ್ಲಿ ನಾವು ಮೂರು ಪಟ್ಟಿ ಹಿಡಿದು ಓಡಾಡುವುದು ಯಾಕೆ?

ಪ್ರದೋಷ ಯಾವತ್ತು ಅಂತ ಪಂಚಾಂಗ ನೋಡಿಯೇ ಟಿಕೆಟ್ ಮಾಡಿ. ಹದಿನೈದು ದಿನಕ್ಕೊಮ್ಮೆ, ತ್ರಯೋದಶಿಯ ಸಂಜೆ. ಏಕಶಿಲೆಯ ಆ ದೊಡ್ಡ ನಂದಿಗೆ ಕೊಡಗಟ್ಟಲೆ ಹಾಲು, ಮೊಸರು, ಅರಿಶಿನ ಸುರಿಯುತ್ತಾರೆ. ಕರಿ ಕಲ್ಲು ಬಿಳಿಯಾಗಿ, ಹಳದಿಯಾಗಿ, ಮತ್ತೆ ಕಪ್ಪಾಗುತ್ತದೆ. ಊರಿಗೆ ಊರೇ ಅಂಗಳದಲ್ಲಿ ಕೂತಿರುತ್ತದೆ.

'ಒಳ್ಳೆಯ ಕಛೇರಿ ಎಲ್ಲಿ ಕೇಳಬಹುದು' ಅಂತಲೂ ಕೇಳಿದ್ದೀರಿ. ಕಛೇರಿ ಬೇಕಿದ್ದರೆ ಡಿಸೆಂಬರಿನಲ್ಲಿ ಚೆನ್ನೈಗೆ ಹೋಗಿ. ತಂಜಾವೂರಿಗೆ ಹೋಗಬೇಕಾದ್ದು ಸಂಗೀತ ಎಲ್ಲಿಂದ ಬಂತು ಅಂತ ನೋಡಲು. ಮಧ್ಯಾಹ್ನ ದೇವಸ್ಥಾನ ಮುಚ್ಚಿದಾಗ ವೀಣೆ ಮಾಡುವವರ ಮನೆಗೆ ಹೋಗಿ, ಆ ಹೊತ್ತಿಗೆ ಅವರು ಕೆಲಸದಲ್ಲಿ ಇರುತ್ತಾರೆ. ನಾನು ಹೋದ ಮನೆಯಲ್ಲಿ ಒಬ್ಬ ಹಿರಿಯರು ಹೊಸ ವೀಣೆಗೆ ಮೆಟ್ಟು ಕೂರಿಸುತ್ತಿದ್ದರು. ಹಲಸಿನ ಮರದ ದಂಡಿ. ಅದರ ಎರಡೂ ಅಂಚಿಗೆ ಬಿಸಿ ಮಾಡಿದ ಕರಿ ಮೇಣ ಮೆತ್ತಿದ್ದರು. ಮೇಣ ಮೆತ್ತಗಿರುವಾಗಲೇ ಮೆಟ್ಟನ್ನು ಒತ್ತಿ, ತಂತಿ ಮೀಟಿ, ತಲೆ ಬಗ್ಗಿಸಿ ಕೇಳಿದರು. ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಜರುಗಿಸಿದರು. ಮತ್ತೆ ಮೀಟಿದರು. ಪಕ್ಕದಲ್ಲಿ ಅಳತೆಪಟ್ಟಿ ಇರಲಿಲ್ಲ. ಹೀಗೆ 24 ಮೆಟ್ಟು. ಒಂದು ಮೆಟ್ಟು ಸರಿಯಾಯಿತು ಅನ್ನಿಸಿದಾಗ ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಎರಡು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಈ 24 ಮೆಟ್ಟಿನ ವೀಣೆ ರೂಪ ಪಡೆದದ್ದು ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ಅಂತ ಹೇಳುತ್ತಾರೆ. ಅವನ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು. ಅವರ ಮಗ ವೆಂಕಟಮಖಿಯೇ 72 ಮೇಳಗಳ (ಮೂಲ ರಾಗಗಳ) ಲೆಕ್ಕ ಹಾಕಿಕೊಟ್ಟವರು. ನಮ್ಮ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ತಂಜಾವೂರಿನಲ್ಲಿ ಮರಾಠಾ ಆಳ್ವಿಕೆ ಶುರು ಮಾಡಿದ ಏಕೋಜಿ ಬೆಂಗಳೂರಿನ ಜಹಗೀರಿನಿಂದ ಹೋದವನು. ಭರತನಾಟ್ಯದ ಕಛೇರಿಗೆ ಇವತ್ತಿನ ಕ್ರಮ ಕೊಟ್ಟ ನಾಲ್ವರು ಸಹೋದರರಲ್ಲಿ ಚಿನ್ನಯ್ಯ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ದೇವದಾಸಿ, ದೊಡ್ಡ ಗಾಯಕಿ. ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಅಂತ 1921ರಲ್ಲಿ ಗುರು ಬಿಡಾರಂ ಕೃಷ್ಣಪ್ಪನವರು ಅವರಿಗೆ ಕಾಗದ ಬರೆದರು. ಆಕೆ ತಾವು ಹಾಡಿ ಗಳಿಸಿದ ಹಣ ಹಾಕಿ ಜಾಗ ಬಿಡಿಸಿ ಗುಡಿ ಕಟ್ಟಿಸಿದರು. 1926ರಲ್ಲಿ ಪ್ರತಿಷ್ಠೆ ಆಯಿತು. ಅಷ್ಟಾದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡಲು ಅವಕಾಶ ಇಲ್ಲ! ನಾಗರತ್ನಮ್ಮ ಬಿಡಲಿಲ್ಲ. ಹೆಂಗಸರದ್ದೇ ಗುಂಪು ಕಟ್ಟಿ ಹಾಡಿಸಿದರು. 1940ರಲ್ಲಿ ಬೇರೆಬೇರೆ ಗುಂಪುಗಳು ಒಂದಾದವು, ಆಮೇಲೆ ಗಂಡಸರು-ಹೆಂಗಸರು ಎಲ್ಲರೂ ಒಂದೇ ಕಡೆ ಹಾಡುವಂತಾಯಿತು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ ಇದೆ. ಕೈಮುಗಿದು ಕೂತ ಅವರ ಮೂರ್ತಿ ತ್ಯಾಗರಾಜರ ಕಡೆಗೇ ನೋಡುತ್ತದೆ. ನನ್ನ ಅಮ್ಮನಂಥವರು ಗೋಷ್ಠಿಯಲ್ಲಿ ಕೂತು ಹಾಡಲು ಆದದ್ದು ಈ ತಾಯಿಯಿಂದ. ಅಮ್ಮನಿಗೆ ಆ ಮೂರ್ತಿ ತೋರಿಸಲು ಆಗಲಿಲ್ಲವಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಅದಕ್ಕೇ ಹೇಳುತ್ತೇನೆ, ತಿರುವಯ್ಯಾರಿಗೆ ಮೊದಲ ಸಂಜೆಯೇ ಹೋಗಿ. ತಂಜಾವೂರಿನಿಂದ ಬರೀ 13 ಕಿಲೋಮೀಟರು, ಬಸ್ಸುಗಳು ಬೇಕಾದಷ್ಟಿವೆ. ಏನಾದರೂ ತಪ್ಪಿಹೋದರೆ ಮಾರನೇ ದಿನ ಇರುತ್ತದೆ. ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿಯ ಆರಾಧನೆಗೇ ಹೋಗಬೇಕಾ ಅಂದರೆ, ನಿಮ್ಮ ಮನೆಯಲ್ಲಿ ಯಾರಾದರೂ ಹಾಡುವವರಿದ್ದರೆ ಖಂಡಿತ ಹೋಗಿ. ಬೆಳಗ್ಗೆ ಪಂಚರತ್ನಕ್ಕೆ ಸಾವಿರಾರು ದನಿ ಸೇರುತ್ತವೆ, ನಾಟದಿಂದ ಶುರುವಾಗಿ ಶ್ರೀ ರಾಗಕ್ಕೆ ಮುಗಿಯುತ್ತದೆ. ಬರೀ ನೋಡುವವರಾದರೆ ಬೇರೆ ದಿನ ಹೋಗಿ, ಸಮಾಧಿಯ ಹತ್ತಿರ ಸುಮ್ನೆ ಕೂರಲು ಜಾಗ ಸಿಗುತ್ತದೆ. ಪಕ್ಕದಲ್ಲೇ ಕಾವೇರಿ. ಮೆಟ್ಟೂರು ಅಣೆಕಟ್ಟಿನಿಂದ ಜೂನ್ 12ಕ್ಕೆ ನೀರು ಬಿಟ್ಟು ಜನವರಿ 28ಕ್ಕೆ ನಿಲ್ಲಿಸುವುದು ವಾಡಿಕೆ. ಬೇಸಿಗೆಯಲ್ಲಿ ಹೋದರೆ ಮರಳು ಮಾತ್ರ. ಮೇ ತಿಂಗಳಲ್ಲೇ ಹೋಗಬೇಕಾದರೆ ನರಸಿಂಹ ಜಯಂತಿಯ ಸಮಯಕ್ಕೆ ಹೊಂದಿಸಿಕೊಂಡು ತಂಜಾವೂರಿನ ಹತ್ತಿರದ ಮೇಲತ್ತೂರಿಗೆ ಹೋಗಿ. ಅಲ್ಲಿ ಭಾಗವತ ಮೇಳ ಅನ್ನುವ ನೃತ್ಯನಾಟಕ ಆಡುತ್ತಾರೆ, ರಾತ್ರಿಯಿಡೀ. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಾರೆ. ನಮ್ಮ ಯಕ್ಷಗಾನ ನೋಡಿ ಬೆಳೆದವರಿಗೆ ಅದು ಕೂಡಲೇ ಹತ್ತಿರವಾಗುತ್ತದೆ.

ಊಟಕ್ಕೆ ದಿನ ಇಡಬೇಡಿ, ಹೊಟ್ಟೆ ಇಡಿ ಸಾಕು. ತಿರುವಯ್ಯಾರಿನಲ್ಲಿ ಅಶೋಕಾ ಹಲ್ವ ತಿನ್ನಿ. ಹೆಸರುಬೇಳೆ ಬೇಯಿಸಿ, ಸಕ್ಕರೆ, ತುಪ್ಪ ಹಾಕಿ ಕದಡಿದ್ದು. ಬಿಸಿಯಾಗಿ ಬಾಳೆಲೆ ಚೂರಿನ ಮೇಲೆ ಹಾಕಿಕೊಡುತ್ತಾರೆ. ಎಲೆಯ ತುಂಬಾ ತುಪ್ಪ ಇಳಿಯುತ್ತದೆ, ಬೆರಳು ಕೆಂಪು-ಹಳದಿ ಆಗುತ್ತದೆ. ಕುಂಭಕೋಣದಲ್ಲಿ ಇಡ್ಲಿಗೆ ಕಡಪ್ಪ ಕೇಳಿ. ಹೆಸರುಬೇಳೆ, ಆಲೂಗಡ್ಡೆ, ರುಬ್ಬಿದ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಸೋಂಪಿನ ವಾಸನೆ. ಎಲ್ಲಾ ಕಡೆ ಪ್ರತಿದಿನ ಮಾಡುವುದಿಲ್ಲ, ಹಿಂದಿನ ದಿನವೇ ವಿಚಾರಿಸಿ. ಕಾಫಿ ಕುಂಭಕೋಣ ಊರೊಳಗೇ ಕುಡಿಯಿರಿ. ಹೆದ್ದಾರಿಯ ಉದ್ದಕ್ಕೂ ಅದೇ ಹೆಸರಿನ ಬೋರ್ಡುಗಳಿವೆ, ಅವು ಬೇಡ.

ಕುಂಭಕೋಣದ ಪಕ್ಕದಲ್ಲೇ ದಾರಾಸುರ. ಕಡಪ್ಪ ಆಮೇಲೆ ತಿನ್ನಿ, ಮೊದಲು ಅಲ್ಲಿಗೆ ಹೋಗಿ. ಎರಡನೇ ರಾಜರಾಜ ಚೋಳ ಕಟ್ಟಿಸಿದ ದೇವಸ್ಥಾನ. ದೊಡ್ಡ ದೇವಸ್ಥಾನ ಗಾತ್ರದಿಂದ ಬೆರಗು ಹುಟ್ಟಿಸಿದರೆ ಇಲ್ಲಿ ಅಂಗೈಯಗಲದ ಶಿಲ್ಪಗಳು. ಕೂತು, ಬಗ್ಗಿ ನೋಡಬೇಕು. ಬಲಿಪೀಠದ ಮುಂದಿನ ಕಲ್ಲಿನ ಮೆಟ್ಟಿಲುಗಳನ್ನು ತಟ್ಟಿದರೆ ಸ್ವರ ಹೊರಡುತ್ತದೆ. ಜನ ತಟ್ಟಿತಟ್ಟಿ ಹಾಳು ಮಾಡಬಾರದು ಅಂತ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ. ಒಳ್ಳೆಯದೇ ಮಾಡಿದ್ದಾರೆ. ಯಾರಾದರೂ ದುಡ್ಡು ತೆಗೆದುಕೊಂಡು ತಟ್ಟಿ ತೋರಿಸುತ್ತೇನೆ ಅಂದರೆ ಒಪ್ಪಬೇಡಿ. ಬಿಸಿಲೇರಿದ ಮೇಲೆ ಸ್ವಾಮಿಮಲೈಗೆ ಹೋಗಿ, ಕಾವೇರಿಯ ಮಣ್ಣಿನ ಅಚ್ಚಿನಲ್ಲಿ ಪಂಚಲೋಹದ ಮೂರ್ತಿ ಎರಕ ಹೊಯ್ಯುವುದನ್ನು ನೋಡಬಹುದು. ತಂಜಾವೂರು ಅರಮನೆಯಲ್ಲಿರುವ ಚೋಳರ ಕಂಚಿನ ಮೂರ್ತಿಗಳನ್ನು ಅದಾದ ಮೇಲೆ ನೋಡಿ. ಕಣ್ಣು ಬೇರೆಯೇ ಆಗಿರುತ್ತದೆ.

ಗಂಗೈಕೊಂಡ ಚೋಳಪುರ ಬಿಟ್ಟುಬಿಡಿ. ಚೆನ್ನಾಗಿಲ್ಲ ಅಂತಲ್ಲ, ತುಂಬಾ ಚೆನ್ನಾಗಿದೆ. ಮೂರು ದಿನದಲ್ಲಿ ಅದನ್ನೂ ತುರುಕಿದರೆ ಒಂದು ಸಂಜೆ ಹೋಗುತ್ತದೆ, ಆ ಸಂಜೆ ನಿಮಗೆ ಬೇಕು. ಕಾರಿನವರು 'ಒಂದೇ ದಿನದಲ್ಲಿ ಏಳು ದೇವಸ್ಥಾನ' ಅಂತ ಹೇಳಿದರೆ ಒಪ್ಪಿಕೊಳ್ಳಬೇಡಿ.

ನಿಮ್ಮ ತಂದೆಯವರೂ ಬರುತ್ತಾರೆ ಅಂತ ಬರೆದಿದ್ದೀರಿ. ಅವರಿಗೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಮಧ್ಯಾಹ್ನ ಊಟವಾದ ಮೇಲೆ ಮೂರೂವರೆವರೆಗೆ ಮಲಗಲು ಬಿಡಿ. ವಾಪಸು ವಿಮಾನ ಬೇಡ. ಮೈಸೂರಿನಿಂದ ಬೆಂಗಳೂರಿನ ಮೇಲೆ ತಂಜಾವೂರು, ಕುಂಭಕೋಣ ದಾಟಿ ಹೋಗುವ ರೈಲಿದೆ. ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ತಂಜಾವೂರು. ಬರುವಾಗಲೂ ಅದೇ ರೈಲು, ರಾತ್ರಿ ಪ್ರಯಾಣ. ಹಗಲು ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.